ಮೈಕಿನಲ್ಲಿ ಕೇಳಿದ ‘ಎಲ್ಲಿಗೆ?’

ಸಕಲೇಶಪುರದ ಬಸ್‌ಸ್ಟ್ಯಾಂಡಿನ ಎದುರು ಸಿಗ್ನಲ್ ದೀಪ ಬಂದಾಗ ಊರಿನವರು ಅದನ್ನು ಹೊಸ ಸೊಸೆಯನ್ನು ನೋಡುವ ಹಾಗೆ ನೋಡಿದರು. ಬಂದಿದ್ದಾಳೆ, ಲಕ್ಷಣವಾಗಿದ್ದಾಳೆ, ಇರಲಿ. ಆದರೆ ಅವಳು ಹೇಳಿದ ಹಾಗೆ ಮನೆ ನಡೆಯಬೇಕೆಂದು ಎಲ್ಲೂ ಬರೆದಿಲ್ಲವಲ್ಲ.

ವಾಹನಗಳಿಗೆ ಮೂರು ದೀಪ, ನಡೆಯುವವರಿಗೆ ಎರಡು. ನಡೆಯುವವರ ದೀಪದೊಳಗೆ ಒಬ್ಬ ಕೆಂಪು ಮನುಷ್ಯ ಕೈ ಇಳಿಬಿಟ್ಟು ನಿಂತಿರುತ್ತಿದ್ದ, ಒಬ್ಬ ಹಸಿರು ಮನುಷ್ಯ ಕಾಲೆತ್ತಿ ನಡೆಯುತ್ತಿದ್ದ. ಕೆಂಪಿನವನು ಒಂದೂವರೆ ನಿಮಿಷ ನಿಲ್ಲುವನು. ಹೇಮಾವತಿ ಹೊಳೆ ತುಂಬಿ ಬಂದಾಗ ದಡದಲ್ಲಿ ಅರ್ಧ ದಿನ ಕಾದು ಕೂತವರ ಮೊಮ್ಮಕ್ಕಳಿಗೆ ಆ ಒಂದೂವರೆ ನಿಮಿಷ ಕಾಯಲು ಆಗುತ್ತಿರಲಿಲ್ಲ. ಮಂಗಳೂರಿಗೆ ಇಳಿಯುವ ಲಾರಿಗಳ ನಡುವೆ, ಕಾಫಿ ಮೂಟೆ ಹೊತ್ತ ಜೀಪುಗಳ ನಡುವೆ, ಕೈಯೊಂದನ್ನು ಮುಂದೆ ಚಾಚಿ ನಡೆದುಬಿಡುತ್ತಿದ್ದರು. ಆ ಚಾಚಿದ ಕೈಯೇ ಅವರ ದೀಪ.

ಎರಡು ಸಾವಿರದ ನಾಲ್ಕನೇ ಇಸವಿಯ ಜನವರಿ. ರಸ್ತೆ ಸುರಕ್ಷತಾ ಸಪ್ತಾಹ. ಜನ ಕೆಂಪು ದೀಪವಿದ್ದರೂ ಯಾಕೆ ದಾಟುತ್ತಾರೆ ಎಂಬುದನ್ನು ಅವರ ಬಾಯಿಂದಲೇ ತಿಳಿದುಕೊಳ್ಳಬೇಕೆಂದು ಮೇಲಿನವರಿಗೆ ಅನ್ನಿಸಿ, ಒಂದು ಫಾರಂ ಅಚ್ಚಾಗಿ ಬಂತು. ದನ ಎಣಿಸುವುದಕ್ಕೂ ಜನ ಎಣಿಸುವುದಕ್ಕೂ ಓಟು ಹಾಕಿಸುವುದಕ್ಕೂ ಯಾರು ಸಿಗುತ್ತಾರೋ ಅವರೇ ಇದಕ್ಕೂ ಸಿಕ್ಕರು: ಪ್ರಾಥಮಿಕ ಶಾಲೆಯ ವೀರಭದ್ರಯ್ಯ ಮೇಷ್ಟ್ರು.

ಮೇಷ್ಟ್ರಿಗೆ ಐವತ್ತಮೂರು. ಹಣೆಯ ತುಂಬ ವಿಭೂತಿ, ಒಗೆದ ಬಿಳಿ ಶರಟು, ಮೆತ್ತನೆ ದನಿ. ಅವರ ಸ್ವಭಾವದಲ್ಲಿ ಒಂದೇ ಒಂದು ಗಂಟು ಇತ್ತು: ಅಚ್ಚಾದ ಅಕ್ಷರವನ್ನು ತಿದ್ದುವುದು ಅವರಿಂದ ಆಗುತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಒಮ್ಮೆ ‘ಆನೆಗೆ ಎರಡು ಸೊಂಡಿಲು’ ಎಂದು ತಪ್ಪಾಗಿ ಅಚ್ಚಾದಾಗ, ತಿದ್ದಿದ ಪುಸ್ತಕ ಬರುವ ತನಕ ಆ ಪಾಠವನ್ನೇ ಬಿಟ್ಟಿದ್ದರು.

ಫಾರಮಿನಲ್ಲಿ ಎರಡು ಕಾಲಂ. ಒಂದು: ‘ಎಲ್ಲಿಗೆ ಹೋಗುತ್ತಿದ್ದೀರಿ?’ ಎರಡು: ‘ಕೆಂಪು ದೀಪವಿದ್ದಾಗ ಏಕೆ ದಾಟಿದಿರಿ?’ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಪ್ರಶ್ನೆಗಳನ್ನು ಮುದ್ರಿತ ಕ್ರಮದಲ್ಲಿ, ಮುದ್ರಿತ ಪದಗಳಲ್ಲೇ ಕೇಳತಕ್ಕದ್ದು.’

ಮೊದಲನೆಯ ಕಾಲಮನ್ನು ಮೇಷ್ಟ್ರು ಎರಡೆರಡು ಸಲ ಓದಿದ್ದರು. ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಎಂಬುದು ಆ ಸೀಮೆಯ ಕೂಸಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕೆಂದರೆ ‘ದೂರಾನಾ?’ ಅನ್ನಬೇಕು. ಬಾಯಿ ತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವನು ಹಿಂದಕ್ಕೆ ಬಂದು, ಕೂತು, ಒಂದು ಲೋಟ ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಮೇಷ್ಟ್ರ ತಾಯಿ ದಿನಾ ಬೆಳಗಿನ ಜಾವ ರಾಗವಾಗಿ ವಚನ ಹೇಳಿಕೊಳ್ಳುತ್ತ ಕಸ ಗುಡಿಸುತ್ತಿದ್ದವರು. ಶಿವನನ್ನು ನಂಬಿದವರಿಗೆ ಶಕುನವಿಲ್ಲ, ಎಲ್ಲ ಹೊತ್ತೂ ಒಳ್ಳೆಯ ಹೊತ್ತೇ ಎಂಬುದು ಆ ವಚನಗಳ ಸಾರ. ಅದನ್ನು ಹೇಳಿ ಮುಗಿಸಿದ ಬಾಯಲ್ಲೇ ಆಕೆ, ಗಂಡ ಸಂತೆಗೆ ಹೊರಟರೆ, “ದೂರಾನಾ?” ಎಂದು ಕೇಳುತ್ತಿದ್ದರು. ಹೇಳುವಾಗ ವಚನ, ಹೊರಡುವಾಗ ಶಕುನ. ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇದ್ದವು.

ಆದರೆ ಇದು ಅಚ್ಚಾದದ್ದು. ಮೇಷ್ಟ್ರು ಏನು ಮಾಡಿಯಾರು?

ಅದರ ಮೇಲೆ, ರಸ್ತೆಯ ಗದ್ದಲದಲ್ಲಿ ದನಿ ಕೇಳಿಸಲೆಂದು ಅವರಿಗೊಂದು ಕೈಮೈಕು ಕೊಟ್ಟಿದ್ದರು. ಮಾರ್ಕೆಟ್ ಕಡೆಯ ಮರದ ನೆರಳಿನಲ್ಲಿ ಅವರ ಕುರ್ಚಿ. ಎದುರಿಗೆ, ರಸ್ತೆಯಾಚೆ, ಬಸ್‌ಸ್ಟ್ಯಾಂಡು. ಅದರ ಮಗ್ಗುಲಲ್ಲಿ ಸರೋಜಮ್ಮನ ಟೀ ಹೋಟೆಲು. ಕೆಂಪು ಮನುಷ್ಯ ನಿಂತಿರುವಾಗ ಆಚೆ ಯಾರಾದರೂ ರಸ್ತೆಗೆ ಕಾಲಿಟ್ಟರೆ ಸಾಕು, ಈಚೆಯಿಂದ ಮೈಕಿನಲ್ಲಿ ದನಿ ಬರುವುದು: “ಎಲ್ಲಿಗೆ ಹೋಗುತ್ತಿದ್ದೀರಿ?”

ಮೊದಲನೆಯ ದಿನ ಇದಕ್ಕೆ ಸಿಕ್ಕವಳು ಸೊಪ್ಪು ಮಾರುವ ತಾಯಮ್ಮ. ತಲೆಯ ಮೇಲೆ ಬುಟ್ಟಿ. ನಡುರಸ್ತೆಯಲ್ಲಿ ನಿಂತಳು. ಬುಟ್ಟಿಯ ಕೆಳಗಿಂದ ಮೇಷ್ಟ್ರನ್ನು ನೋಡಿದಳು. ಲಾರಿಯೊಂದು ಹಾರನ್ ಒತ್ತಿದರೂ ಅಲುಗದೆ, ನಿಧಾನವಾಗಿ ತಿರುಗಿ, ವಾಪಸು ಹೋಗಿ ಸರೋಜಮ್ಮನ ಬೆಂಚಿನ ಮೇಲೆ ಕೂತಳು. ನೀರು ಕೇಳಿ ಕುಡಿದಳು. ಎದ್ದು ಮತ್ತೆ ಹೊರಡುವ ಹೊತ್ತಿಗೆ ಹಸಿರು ಮನುಷ್ಯ ನಡೆಯತೊಡಗಿದ್ದ. ದಾಟಿ ಬಂದವಳು ಬುಟ್ಟಿಯನ್ನು ಮೇಷ್ಟ್ರ ಕಾಲ ಬಳಿಯೇ ಇಳಿಸಿದಳು.

“ನೀವು ಓದ್ದೋರು. ಬೋಣಿ ಆಗಿಲ್ಲ ನಂದು. ಊರಿಗೆಲ್ಲ ಕೇಳಂಗೆ ‘ಎಲ್ಲಿಗೆ’ ಅಂದ್ರಲ್ಲ ಮೇಷ್ಟ್ರೇ, ನಾನು ನಿಮ್ಗೇನು ಮಾಡಿದ್ದೆ?”

“ತಪ್ಪು ತಿಳ್ಕೋಬೇಡ ತಾಯಮ್ಮ, ಇದರಲ್ಲಿ ಹಂಗೆ ಬರ್ದೈತೆ,” ಎಂದು ಮೇಷ್ಟ್ರು ಫಾರಂ ತೋರಿಸಿದರು. “ಕೆಂಪು ದೀಪ ಇದ್ದಾಗ ಯಾಕೆ ದಾಟಕ್ಕೆ ಬಂದೆ, ಅದನ್ನ ಹೇಳು.”

“ದೀಪ ಗಾಡಿಗಲ್ವಾ? ನಂಗೇನು ಚಕ್ರ ಐತಾ?”

“ನಿಮಗೇ ಅಂತ ಮನುಷ್ಯನ ಚಿತ್ರ ಹಾಕವ್ರಲ್ಲ.”

“ಅವನು ಗಂಡಸು. ಅವನ ಥರ ಬೆಳಗಿಂದ ಸುಮ್ನೆ ನಿಂತ್ಕೊಳ್ಳಕ್ಕೆ ನಂಗೆ ಪುರುಸೊತ್ತಿಲ್ಲ,” ಎಂದು ತಾಯಮ್ಮ ಬುಟ್ಟಿ ಎತ್ತಿಸಿಕೊಂಡು ಹೋದಳು. ಮೇಷ್ಟ್ರು ಅದನ್ನು ಹಾಗೇ ಬರೆದುಕೊಂಡರು.

ಹೀಗೇ ಬೇರೆಯವರೂ. ಎಸ್ಟೇಟಿನ ರಾಮಯ್ಯನವರು ಹೇಳಿದ್ದು: “ನಮ್ಮಪ್ಪನ ಕಾಲದಿಂದ ನಾವು ಇಲ್ಲೇ ದಾಟ್ತಿರೋದು ಕಣ್ರೀ. ದೀಪ ಬಂದಿದ್ದು ಮೊನ್ನೆ. ಮೊದ್ಲು ಬಂದೋರು ನಿಲ್ಬೇಕೋ, ಆಮೇಲೆ ಬಂದೋರು ನಿಲ್ಬೇಕೋ?” ಇನ್ನೊಬ್ಬರು: “ಎಲ್ರೂ ದಾಟ್‌ಬುಟ್ರು. ನಾನೊಬ್ಬನೇ ನಿಂತಿದ್ರೆ ಏನೋ ಸುಸ್ತಾಗೈತೆ ಅಂತ ಜನ ಬಂದು ಕೈ ಹಿಡ್ಕೊಳ್ಳಲ್ವಾ ಮಾರಾಯ?”

ಕಾರಣ ಏನೇ ಇರಲಿ, ಮೈಕಿನ ‘ಎಲ್ಲಿಗೆ’ ಕಿವಿಗೆ ಬಿದ್ದವರೆಲ್ಲ ಹಿಂದಿರುಗುತ್ತಿದ್ದರು. ಹಿಂದಿರುಗಿ ಕೂತು ನೀರು ಕುಡಿದು ಏಳುವುದಕ್ಕೆ ಸರಿಯಾಗಿ ಒಂದೂವರೆ ನಿಮಿಷ. ಎದ್ದರೆ ಹಸಿರು. ಸಿಗ್ನಲ್ ಬಂದ ಲಾಗಾಯ್ತು ಆಗದಿದ್ದದ್ದು ಮೂರೇ ದಿನದಲ್ಲಿ ಆಯಿತು: ಜನ ದೀಪ ನೋಡಿ ದಾಟತೊಡಗಿದರು. ದೀಪದ ಭಯಕ್ಕಲ್ಲ, ಮೇಷ್ಟ್ರ ಬಾಯಿಯ ಭಯಕ್ಕೆ. ಸರೋಜಮ್ಮ ಇನ್ನೂ ಎರಡು ಬೆಂಚು ಹಾಕಿಸಿದಳು. ಬರೀ ನೀರು ಕುಡಿದು ಏಳುವುದಕ್ಕೆ ಎಲ್ಲರಿಗೂ ನಾಚಿಕೆಯಾಗಿ ಟೀಯನ್ನೂ ಕುಡಿಯುತ್ತಿದ್ದರು. “ಸಪ್ತಾಹ ಯಾಕೆ ಮೇಷ್ಟ್ರೇ, ಮಾಸಾಹ ಮಾಡಿ,” ಎಂದು ಆಕೆ ಆಚೆಯಿಂದಲೇ ಕೂಗಿ ಹೇಳಿದ್ದಳು. ಡ್ಯೂಟಿಯಲ್ಲಿದ್ದ ಹೋಂಗಾರ್ಡ್ ಪ್ರತಾಪ, ಮೀಸೆಗೆ ಬಣ್ಣ ಹಚ್ಚುತ್ತಿದ್ದ ನಲವತ್ತರ ಆಸಾಮಿ, ಸೀಟಿ ಊದುವ ಕೆಲಸವೇ ಇಲ್ಲದೆ ಬೇಸರದಲ್ಲಿದ್ದ.

ನಾಲ್ಕನೆಯ ದಿನ ಶುಕ್ರವಾರ.

ಆ ಬೆಳಿಗ್ಗೆ ಮೇಷ್ಟ್ರ ಮನೆಯಲ್ಲಿ ಕೇಸರಿಬಾತಿನ ತುಪ್ಪದ ವಾಸನೆ. ಮಗಳು ಶ್ವೇತಾಳನ್ನು ನೋಡಲು ಕೆ. ಹೊಸಕೋಟೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಗಂಡು ಅಭಿಲಾಷ್, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಆಲೂರಿನ ಶಿಶುವಿಹಾರಕ್ಕೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗುವ ಶ್ವೇತಾಳಿಗೂ, ಅದೇ ಬಸ್ಸಿನಲ್ಲಿ ಬರುವ ಅವನಿಗೂ ಎರಡು ವರ್ಷದಲ್ಲಿ ಎಷ್ಟು ಮಾತಾಗಿತ್ತೋ ಶಿವನೇ ಬಲ್ಲ. ತಾಯಿ ಕಲ್ಯಾಣಮ್ಮನ ಹತ್ತಿರ ಅವಳು ಹೇಳಿದ್ದು ಒಂದೇ ಮಾತು: “ಇದಾದ್ರೆ ಆಗ್ಲಿ ಅಮ್ಮ. ಇಲ್ದಿದ್ರೆ ಬೇರೆ ನೋಡ್ಬೇಡಿ.”

ಆಗುವುದಕ್ಕೆ ಅಡ್ಡವೇನೂ ಇರಲಿಲ್ಲ, ಗಂಡಿನ ಸೋದರಮಾವ ರಾಜಶೇಖರಪ್ಪನವರೊಬ್ಬರನ್ನು ಬಿಟ್ಟರೆ. ಮಹಾ ಶಕುನದ ಮನುಷ್ಯ. ಈಗಾಗಲೇ ಮೂರು ಸಲ ಹೊರಟು ಮೂರು ಸಲ ಹಿಂದಿರುಗಿದ್ದರು. ಮೊದಲನೆಯ ಸಲ ಬೆಕ್ಕು. ಎರಡನೆಯ ಸಲ ಎದುರಿಗೆ ಸೌದೆ ಹೊರೆ. ಮೂರನೆಯ ಸಲ ಬಸ್ಸಿನಲ್ಲಿ ಹೊಸ ಕಂಡಕ್ಟರ್ ಬಂದು, ಅವನ ಕರ್ಮ, “ಎಲ್ಲಿಗೆ?” ಎಂದಿದ್ದ. ಹಳೆಯ ಕಂಡಕ್ಟರುಗಳಿಗೆಲ್ಲ ಗೊತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ರಾಜಶೇಖರಪ್ಪನವರು ಊರಿನ ಹೆಸರು ಹೇಳಿ ಟಿಕೆಟ್ಟಿಗೆ ಕೈ ಚಾಚುತ್ತಿದ್ದರು. ನಾಲ್ಕನೆಯ ಸಲವೂ ತಡೆಯಾದರೆ ಈ ಹೆಣ್ಣಿನ ಋಣವಿಲ್ಲ ಎಂದು ತಿಳಿದು ಬೇರೆ ಕಡೆ ನೋಡುವುದಾಗಿ ಹೇಳಿಕಳಿಸಿದ್ದರು.

“ಹತ್ತೂವರೆಗೆ ರಾಹುಕಾಲ ಶುರುವಾಗುತ್ತೆ,” ಎಂದು ಕಲ್ಯಾಣಮ್ಮ ಎಚ್ಚರಿಸಿದ್ದರು. “ಅವರು ಅಷ್ಟರೊಳಗೆ ಜೀಪಲ್ಲಿ ಮನೆಬಾಗಿಲಿಗೇ ಬರ್ತಾರಂತೆ. ನೀವು ಹತ್ತಕ್ಕೆ ಇಲ್ಲಿರಿ.”

“ಹತ್ತಕ್ಕೆ ಬದಲಿಯವರು ಬರ್ತಾರೆ. ಬಂದ ತಕ್ಷಣ ಹೊರಟೆ,” ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಶ್ವೇತಾ ಬಾಗಿಲ ಬಳಿ ನಿಂತು, “ಅಪ್ಪಾ, ಮರೀಬೇಡಿ,” ಎಂದಳು. ಅಷ್ಟೇ. ಆದರೆ ಆ ದನಿ ಮೇಷ್ಟ್ರ ಜೊತೆಯಲ್ಲೇ ಸರ್ಕಲ್ಲಿನ ತನಕ ಬಂತು.

ಹತ್ತಾಯಿತು. ಬದಲಿಯವರಿಲ್ಲ. ಹತ್ತು ಹತ್ತಾಯಿತು. ‘ಬದಲಿ ಬರುವವರೆಗೆ ಸ್ಥಳ ಬಿಡತಕ್ಕದ್ದಲ್ಲ’ ಎಂದೂ ಅಚ್ಚಾಗಿತ್ತು. ಮೇಷ್ಟ್ರು ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ರಸ್ತೆಯ ಮೇಲೆ ಇಟ್ಟು, ಬರುವ ಜೀಪುಗಳನ್ನೆಲ್ಲ ಇಣುಕಿ ನೋಡುತ್ತಿದ್ದರು.

ಆಗ ಆಚೆ ಬಸ್‌ಸ್ಟ್ಯಾಂಡಿನಿಂದ ಇಬ್ಬರು ಹೊರಬಂದರು. ಇಸ್ತ್ರಿಯ ಬಿಳಿ ಪಂಚೆ, ಕಪ್ಪು ಕೋಟು ಹಾಕಿದ ದಪ್ಪನೆಯ ಹಿರಿಯರು. ಅವರ ಹಿಂದೆ, ಹಣ್ಣು ಹೂವಿನ ಚೀಲ ಹಿಡಿದ ವಯಸ್ಸಾದ ಹೆಂಗಸು. ಕೆಂಪು ಮನುಷ್ಯ ಆಗಷ್ಟೇ ಬಂದು ನಿಂತಿದ್ದ. ಹಿರಿಯರು ದೀಪವನ್ನು ನೋಡಿ, ಗಡಿಯಾರವನ್ನು ನೋಡಿ, ಕೈ ಮುಂದೆ ಚಾಚಿ ರಸ್ತೆಗಿಳಿದರು. ಮೇಷ್ಟ್ರ ಮನಸ್ಸು ಕೇಸರಿಬಾತಿನ ಮನೆಯಲ್ಲಿತ್ತು. ಕೈ ಮಾತ್ರ ಅಭ್ಯಾಸದಂತೆ ಮೈಕು ಎತ್ತಿತು.

“ಎಲ್ಲಿಗೆ ಹೋಗುತ್ತಿದ್ದೀರಿ?”

ಹಿರಿಯರು ನಿಂತರು. ಚಾಚಿದ ಕೈ ತಾನಾಗಿ ಕೆಳಗಿಳಿಯಿತು. ಇಳಿಬಿಟ್ಟ ಕೈಯಲ್ಲಿ ನಿಂತ ಅವರು ಥೇಟ್ ದೀಪದ ಮನುಷ್ಯನ ಹಾಗೆ ಕಂಡರು. ಆಮೇಲೆ ಹೆಂಗಸಿನ ಕೈ ಹಿಡಿದು ಹಿಂದಕ್ಕೆ ನಡೆದರು. ಮೇಷ್ಟ್ರು ನಲವತ್ತಮೂರನೆಯ ಸಾಲಿನಲ್ಲಿ ‘ಹಿಂದಿರುಗಿದರು’ ಎಂದು ಬರೆದರು.

ಹಸಿರಾಯಿತು. ದಾಟಿ ಬಂದವರಲ್ಲಿ ತಾಯಮ್ಮನೂ ಇದ್ದಳು. ಈಗ ಅವಳಿಗೆ ಮೇಷ್ಟ್ರ ಮೇಲೆ ಕೋಪವಿರಲಿಲ್ಲ. ಸರೋಜಮ್ಮನ ಬೆಂಚಿನಲ್ಲಿ ಸೊಪ್ಪು ಚೆನ್ನಾಗಿ ಖರ್ಚಾಗುತ್ತಿತ್ತು.

“ಇವತ್ತು ದೊಡ್ಡ ಕುಳಾನೇ ಕೆಡವಿದ್ರಿ ಮೇಷ್ಟ್ರೇ. ಆ ಕೋಟಿನೋರು ಹೊಸಕೋಟೆಯೋರಂತೆ. ಅಕ್ಕನ ಮಗಂಗೆ ಹೆಣ್ಣು ನೋಡಕ್ಕೆ ಬಂದಿದ್ರಂತೆ. ಜೀಪಿನ ಡ್ರೈವರ್ ಸೀನಿದ, ಆ ಜೀಪೇ ಬೇಡ ಅಂತ ಆಲೂರಲ್ಲೇ ಇಳಿದು ಬಸ್ ಹತ್ತಿ ಬಂದವ್ರೆ. ನೀರೂ ಮುಟ್ಲಿಲ್ಲ. ‘ನಾಲ್ಕನೇ ಸಲ, ಮುಗೀತು ಬಿಡು’ ಅಂತ ವಾಪಸ್ ಬಸ್ಸಿಗೆ ಹೋಗ್ತಾವ್ರೆ.”

ಮೇಷ್ಟ್ರು ಪೆನ್ನು ಕೆಳಗಿಟ್ಟು ಎದ್ದರು.

ಆಚೆ, ಹೊಸಕೋಟೆಯ ಬಸ್ಸು ಎಂಜಿನ್ ಶುರು ಮಾಡಿ ನಡುಗುತ್ತಿತ್ತು. ಕಪ್ಪು ಕೋಟು ಅದರ ಬಾಗಿಲಿನ ಕಡೆಗೆ ನಡೆಯುತ್ತಿತ್ತು. ನಡುವೆ ರಸ್ತೆ. ಹಸಿರು ಮನುಷ್ಯ ಮಾಯವಾಗಿ ಕೆಂಪಿನವನು ಬಂದು ನಿಂತ. ಇನ್ನು ಒಂದೂವರೆ ನಿಮಿಷ. ಬಸ್ಸಿಗೆ ಬೇಕಾದದ್ದು ಅದರ ಅರ್ಧ.

ವೀರಭದ್ರಯ್ಯ ಮೇಷ್ಟ್ರು ಮೈಕನ್ನು ಕುರ್ಚಿಯ ಮೇಲಿಟ್ಟರು. ಕೆಂಪು ದೀಪದಲ್ಲಿ ರಸ್ತೆಗೆ ಕಾಲಿಟ್ಟರು. ಅವರ ಕೈ ಯಾರೂ ಕಲಿಸದೆಯೇ ಮುಂದೆ ಚಾಚಿಕೊಂಡಿತು.

ಹೋಂಗಾರ್ಡ್ ಪ್ರತಾಪ ನಾಲ್ಕು ದಿನದಿಂದ ಇಂಥದೊಂದು ಗಳಿಗೆಗೆ ಕಾಯುತ್ತಿದ್ದ. ಕುರ್ಚಿಯ ಮೇಲೆ ಅನಾಥವಾಗಿದ್ದ ಮೈಕನ್ನು ಎತ್ತಿಕೊಂಡ. ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತು ಗಂಟಲಿನಿಂದ ತಾನೇ ಹೊರಟಿತು:

“ಎಲ್ಲಿಗೆ ಹೋಗುತ್ತಿದ್ದೀರಿ, ಮೇಷ್ಟ್ರೇ?”

ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ತಿರುಗಿ ನೋಡಿತು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ರಾಜಶೇಖರಪ್ಪನವರೂ ನೋಡಿದರು. ಮೇಷ್ಟ್ರು ನಡುರಸ್ತೆಯಲ್ಲಿ ಒಂದು ಕ್ಷಣ ನಿಂತರು. ಐವತ್ತಮೂರು ವರ್ಷದ ಅಭ್ಯಾಸ ಕಾಲನ್ನು ಹಿಂದಕ್ಕೆ ಎಳೆಯಿತು. ಬೆಂಚು, ನೀರು, ಹೊಸದಾಗಿ ಹೊರಡುವುದು. ಬೆಳಗಿನ ಜಾವ ಕಸ ಗುಡಿಸುತ್ತಿದ್ದ ತಾಯಿಯ ರಾಗವೂ ಅದೇ ಹೊತ್ತಿಗೆ ಎಲ್ಲಿಂದಲೋ ಕಿವಿಗೆ ಬಂತು. ಎರಡರಲ್ಲಿ ಯಾವುದನ್ನು ಕೇಳಬೇಕೆಂದು ಯೋಚಿಸುವಷ್ಟರಲ್ಲಿ ‘ಅಪ್ಪಾ, ಮರೀಬೇಡಿ’ ಎಂಬ ಮೂರನೆಯ ದನಿಯೊಂದು ಬಂದು ಬೆನ್ನಿಗೆ ಕೈ ಹಾಕಿ ತಳ್ಳಿತು.

“ಮಗಳ ಕೆಲಸಕ್ಕೆ ಕಣೋ,” ಎಂದು ತಿರುಗಿ ನೋಡದೆ ಹೇಳಿ, ಸಿಮೆಂಟಿನ ಲಾರಿಯೊಂದನ್ನು ಬರಿಯ ಅಂಗೈಯಲ್ಲಿ ನಿಲ್ಲಿಸಿ, ದಾಟಿಬಿಟ್ಟರು.

ಬಸ್ಸಿನ ಬಾಗಿಲಿನಲ್ಲಿ ಏದುಸಿರು ಬಿಡುತ್ತ ಕೈ ಮುಗಿದರು. “ನಾನು ವೀರಭದ್ರಯ್ಯ. ಶ್ವೇತಾನ ತಂದೆ.”

ರಾಜಶೇಖರಪ್ಪನವರು ಅವರ ಹಣೆಯ ವಿಭೂತಿಯಿಂದ ಕಾಲಿನ ಚಪ್ಪಲಿಯವರೆಗೆ ನೋಡಿದರು. “ಆ ಮೈಕಲ್ಲಿ ಕೂಗಿದ್ದು ನೀವೇನಾ?”

“ನಾನೇ.”

“ಬೆಕ್ಕು ಅಡ್ಡ ಬಂತು, ಸೌದೆ ಬಂತು, ಕಂಡಕ್ಟರ್ ಬಂದ. ಕಡೆಗೆ ಹೆಣ್ಣಿನ ಅಪ್ಪನೇ ಬರೋದು ಬಾಕಿ ಇತ್ತು,” ಎಂದರು ಅವರು ಬಸ್ಸಿನೊಳಗಿದ್ದವರಿಗೆಲ್ಲ ಕೇಳುವ ಹಾಗೆ.

“ನನ್ನನ್ನೂ ಈಗ ನಿಮ್ಮೆದುರಿಗೇ ಕೇಳಿದ್ರಲ್ಲ. ನಾನು ಹಿಂದಕ್ಕೆ ಹೋಗ್ಲಿಲ್ಲ.”

“ಅದು ನಿಮ್ಮಿಷ್ಟ ಸ್ವಾಮಿ. ಕೇಳಿದ ಮೇಲೆ ಆಯ್ತು. ಋಣ ಇಲ್ಲ.”

ಅವರ ಹಿಂದೆ ನಿಂತಿದ್ದ ಹೆಂಗಸು, ಗಂಡಿನ ತಾಯಿ ದ್ರಾಕ್ಷಾಯಣಮ್ಮ, ಹೂವಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಆಕೆ ತಮ್ಮನ ಹಿಂದೆ ಮೂರು ಸಲ ಹಣ್ಣು ಹೊತ್ತು ಮೂರು ಸಲವೂ ವಾಪಸು ಹೊತ್ತವರು.

“ರಾಜಾ, ಇಳಿ ಕೆಳಗೆ.”

“ಅಕ್ಕಾ, ಶಕುನ ನೋಡ್ದೆ—”

“ಶಕುನ ನಂಗೂ ಗೊತ್ತು ಕಣೋ, ನಿಂಗೆ ಹೇಳ್ಕೊಟ್ಟೋಳೇ ನಾನು. ದಾರೀಲಿ ಹೋಗೋನು ‘ಎಲ್ಲಿಗೆ’ ಅಂದ್ರೆ ಅಪಶಕುನ. ಹೆಣ್ಣಿನ ತಂದೆ ರಸ್ತೆವರೆಗೂ ಬಂದು ‘ಎಲ್ಲಿಗೆ’ ಅಂದ್ರೆ ಅದು ಎದುರುಗೊಂಡಂಗೆ. ಮರ್ಯಾದೆಯಾಗಿ ಕರೆದವ್ರೆ, ಅದೂ ಮೈಕಲ್ಲಿ. ‘ನಿಮ್ಮನೇಗೇ’ ಅಂತ ಉತ್ತರ ಹೇಳೋದು ಬಿಟ್ಟು ಬೆನ್ನು ತೋರ್ಸಿದ್ದು ನೀನು. ತಪ್ಪು ಯಾರ್ದು?”

ಬಸ್ಸಿನೊಳಗಿಂದ ಯಾರೋ, “ಅಮ್ಮ ಹೇಳೋದು ಸರಿ ಐತೆ,” ಎಂದರು. ಕಂಡಕ್ಟರ್ ಸೀಟಿ ಬಾಯಿಗಿಟ್ಟವನು ಊದಲಿಲ್ಲ.

ರಾಜಶೇಖರಪ್ಪನವರು ಯೋಚಿಸಿದರು. ಅಕ್ಕನ ಮಾತಿನಲ್ಲಿ ಒಂದು ತೂತು ಹುಡುಕಿದರು. ಸಿಗಲಿಲ್ಲ. ಮೆಟ್ಟಿಲಿನಿಂದ ಕಾಲಿಳಿಸಿ, ಕೋಟು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಮೇಷ್ಟ್ರ ಕಡೆ ತಿರುಗಿದರು.

“ಹಂಗಾದ್ರೆ ಇನ್ನೊಂದ್ಸಲ ಕೇಳಿ.”

“ಎಲ್ಲಿಗೆ ಹೋಗುತ್ತಿದ್ದೀರಿ?” ಎಂದರು ಮೇಷ್ಟ್ರು, ಮುದ್ರಿತ ಪದಗಳಲ್ಲೇ.

“ನಿಮ್ಮನೇಗೇ ಕಣ್ರೀ.”

ಸರೋಜಮ್ಮ ಕರೆಯದೆಯೇ ಮೂರು ಲೋಟ ನೀರು ತಂದು ಮುಂದೆ ಹಿಡಿದಳು. ಮೂವರೂ ಬೆಂಚಿನ ಮೇಲೆ ಕೂತು ಕುಡಿದರು. ಗಡಿಯಾರ ಹತ್ತು ಇಪ್ಪತ್ತನಾಲ್ಕು ತೋರಿಸುತ್ತಿತ್ತು. ಎದ್ದು ರಸ್ತೆಯಂಚಿಗೆ ಬರುವ ಹೊತ್ತಿಗೆ ಹಸಿರು ಮನುಷ್ಯ, ಈ ನಾಲ್ಕು ದಿನದಲ್ಲಿ ಅವನಿಗೂ ಅಭ್ಯಾಸವಾದಂತೆ, ಕಾಲೆತ್ತಿದ. ಆಚೆ ತುದಿಯಲ್ಲಿ ಪ್ರತಾಪ ಮೈಕನ್ನು ಅರ್ಧ ಎತ್ತಿದವನು ಮೇಷ್ಟ್ರ ಮುಖ ನೋಡಿ ಮೆಲ್ಲಗೆ ಇಳಿಸಿದ.

“ದೂರಾನಾ ಮೇಷ್ಟ್ರೇ?” ಎಂದ, ಬರಿಬಾಯಲ್ಲಿ.

“ಇಲ್ಲೇ ಹತ್ರ ಕಣೋ. ಕುರ್ಚಿ ನೋಡ್ಕೋ.”

ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ತಮ್ಮ ಮನೆಯ ಬಾಗಿಲಿನಲ್ಲಿ ನಿಂತಿದ್ದ ಕಲ್ಯಾಣಮ್ಮ, ಗಂಡ ಅತಿಥಿಗಳ ಜೊತೆ ನಡೆದು ಬರುವುದನ್ನು ಕಂಡು ಗಾಬರಿಯಲ್ಲಿ, “ಎಲ್ಲಿ—” ಎಂದು ಬಾಯಿ ತೆರೆದರು. ಮೂವರೂ ಹೊಸ್ತಿಲ ಹೊರಗೆ ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಟ್ಟರು.

“—ಎಲ್ಲಿ ಬಿಸಿಲಲ್ಲಿ ನಡೆದು ಸುಸ್ತಾದ್ರೋ ಏನೋ, ಒಳಗೆ ಬನ್ನಿ,” ಎಂದು ಅವರು ಮುಗಿಸಿದರು. ಕಾಲುಗಳು ಒಳಗಿಳಿದವು. ಹತ್ತು ಇಪ್ಪತ್ತೆಂಟು. ಅಡುಗೆಮನೆಯ ಬಾಗಿಲಿನ ಸಂದಿಯಲ್ಲಿ ಶ್ವೇತಾ ಹಿಡಿದಿದ್ದ ಉಸಿರು ಬಿಟ್ಟದ್ದು ಹಜಾರದವರೆಗೆ ಕೇಳಿಸಿತು. ದ್ರಾಕ್ಷಾಯಣಮ್ಮ ಆ ಕಡೆ ನೋಡಿ, ಚೀಲದಿಂದ ಹೂವು ತೆಗೆದರು.

ಮಧ್ಯಾಹ್ನ ಸರ್ಕಲ್ಲಿಗೆ ವಾಪಸು ಬಂದ ಮೇಷ್ಟ್ರು ಫಾರಂ ಮುಂದಿಟ್ಟುಕೊಂಡು ಕೂತರು. ನಲವತ್ತಮೂರನೆಯ ಸಾಲಿನಲ್ಲಿ ‘ಹಿಂದಿರುಗಿದರು’ ಎಂಬುದನ್ನು ಹೊಡೆದು ‘ನಮ್ಮ ಮನೆಗೆ’ ಎಂದು ಬರೆದರು. ನಲವತ್ತನಾಲ್ಕನೆಯ ಸಾಲಿನಲ್ಲಿ ತಮ್ಮದೇ ಹೆಸರು ಬರೆದರು. ಏಕೆ ದಾಟಿದಿರಿ ಎಂಬುದರ ಎದುರು ಪೆನ್ನು ತುಸು ತಡೆಯಿತು. ಚಕ್ರವಿಲ್ಲದ ತಾಯಮ್ಮ, ಅಪ್ಪನ ಕಾಲದ ರಾಮಯ್ಯ, ಎಲ್ಲರ ಉತ್ತರಗಳನ್ನೂ ಮತ್ತೊಮ್ಮೆ ಓದಿದರು. ಬೆಳಗಿನವರೆಗೆ ಅವು ಬರೀ ನೆಪಗಳಂತೆ ಕಂಡಿದ್ದವು. ‘ಆಚೆ ನಮ್ಮದೊಂದು ಕೆಲಸವಿತ್ತು, ದೀಪ ಕಾಣಲಿಲ್ಲ’ ಎಂದು ಬರೆದರು.

ಆಮೇಲೆ ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಉಳಿದ ಫಾರಮುಗಳ ಮೊದಲನೆಯ ಕಾಲಮಿನಲ್ಲಿ ಅಚ್ಚಾಗಿದ್ದ ಪ್ರಶ್ನೆಯ ಮೇಲೆ, ಜೀವಮಾನದಲ್ಲಿ ಮೊದಲ ಸಲ, ಒಂದು ಗೆರೆ ಎಳೆದರು. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: ‘ದೂರಾನಾ?’

ಸಂಜೆಯ ಹೊತ್ತಿಗೆ ಯಾರೂ ಹಿಂದಿರುಗುತ್ತಿರಲಿಲ್ಲ. ಎಲ್ಲರೂ ಕೆಂಪಿನಲ್ಲೇ ಕೈ ಚಾಚಿ ದಾಟಿ ಬಂದು, ನಗುನಗುತ್ತ, “ಇಲ್ಲೇ ಹತ್ರ ಮೇಷ್ಟ್ರೇ,” ಎಂದು ಬರೆಸಿ ಹೋಗುತ್ತಿದ್ದರು. ಪ್ರತಾಪನ ಸೀಟಿಗೆ ಮತ್ತೆ ಕೆಲಸ ಸಿಕ್ಕಿತು. ಸರೋಜಮ್ಮ ಮಾತ್ರ ಖಾಲಿ ಬೆಂಚುಗಳ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೇಷ್ಟ್ರನ್ನೇ ದಿಟ್ಟಿಸುತ್ತಿದ್ದಳು.